ಉಪಯೋಗಿಸದ ಕ್ರೆಡಿಟ್ ಕಾರ್ಡು: ಇಟ್ಟುಕೊಳ್ಳುವುದೋ, ಮುಚ್ಚಿಸುವುದೋ?

ಮುಂಬಯಿಯ ಕೋಟೆಯ ಗೋಡೆಗಳು ನೆಲಸಮವಾದುದು 1860ರ ದಶಕದಲ್ಲಿ, ಗವರ್ನರ್ ಸರ್ ಬಾರ್ಟಲ್ ಫ್ರೇರರ ಆಡಳಿತದಲ್ಲಿ. ಗೋಡೆ ಹೋದರೂ ಫೋರ್ಟ್ ಎಂಬ ಹೆಸರು ಉಳಿಯಿತು. ಹೆಸರಿನೊಡನೆ ಹಣದ ವ್ಯವಹಾರವೂ ಅಲ್ಲಿಯೇ ಉಳಿಯಿತು. ಹಾರ್ನಿಮನ್ ವೃತ್ತದಿಂದ ಮಿಂಟ್ ರಸ್ತೆಯವರೆಗೆ, ಫಿರೋಜಶಹಾ ಮೆಹತಾ ರಸ್ತೆಯಿಂದ ಹುತಾತ್ಮ ಚೌಕದವರೆಗೆ ನಡೆದು ಹೋಗುವವನು ಹೆಜ್ಜೆ ಹೆಜ್ಜೆಗೂ ಒಂದಲ್ಲ ಒಂದು ಬ್ಯಾಂಕಿನ ಫಲಕವನ್ನು ಕಾಣುವನು. ಬ್ಯಾಂಕುಗಳಿಗೆಲ್ಲ ಹಿರಿಯಣ್ಣನಾದ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿಯೂ ಇಲ್ಲಿಯೇ, ಶಹೀದ್ ಭಗತ್‌ಸಿಂಗ್ ಮಾರ್ಗದಲ್ಲಿ ನಿಂತಿದೆ. ಈ ಬ್ಯಾಂಕುಗಳ ಮೇಜಿನ ಹಿಂದೆ ಕುಳಿತು ಲೆಕ್ಕ ಬರೆದವರಲ್ಲಿ, ಅವುಗಳ ನೆರೆಯ ಉಡುಪಿ ಹೊಟೇಲುಗಳಲ್ಲಿ ಇಡ್ಲಿ ಕಾಫಿ ಒದಗಿಸಿದವರಲ್ಲಿ, ಹಗಲೆಲ್ಲ ದುಡಿದು ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರಲ್ಲಿ ನಮ್ಮ ನಾಡಿನವರು ಎಷ್ಟು ಮಂದಿ ಎಂಬುದನ್ನು ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ.

ಇಂದಿನ ನಮ್ಮ ವಿಷಯವಾದರೋ ಇವರ ಮನೆಗಳ ಕಪಾಟಿನಲ್ಲಿ, ಹಳೆಯ ಪಾಸ್‌ಪುಸ್ತಕಗಳ ನಡುವೆ ಮಲಗಿರುವಂತಹದು. ಕಚೇರಿಯ ಬಾಗಿಲಿಗೆ ಬಂದ ಮಾರಾಟಗಾರನ ಮಾತಿಗೆ ಕಟ್ಟುಬಿದ್ದು ಮಾಡಿಸಿದ ಒಂದು ಕ್ರೆಡಿಟ್ ಕಾರ್ಡು. ಸಂಬಳದ ಖಾತೆಯ ಬೆನ್ನಿಗೇ ಬಂದ ಇನ್ನೊಂದು. ದೀಪಾವಳಿಯ ರಿಯಾಯಿತಿಯ ಆಸೆಗೆ ಪಡೆದ ಮತ್ತೊಂದು. ಮೂರರಲ್ಲಿ ಕೈಗೆ ಬರುವುದು ಒಂದೇ. ಉಳಿದವನ್ನು ಏನು ಮಾಡತಕ್ಕದ್ದು? ಮುಚ್ಚಿಸಿಬಿಡಿ ಎಂದು ಒಬ್ಬರು ಸಲಹೆ ಕೊಟ್ಟರೆ, "ಮಾರಾಯ್ರೇ, ಮುಚ್ಚಿದರೆ ಸಿಬಿಲ್ ಬೀಳ್ತದೆ, ಸುಮ್ಮನೆ ಇಟ್ಟುಬಿಡಿ" ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಈ ಎರಡನೆಯ ಮಾತನ್ನು ನಂಬಿ ಕೈಕಟ್ಟಿ ಕುಳಿತು ಪೇಚಿಗೆ ಸಿಲುಕುವವರು ಕಡಮೆಯಲ್ಲವಾದುದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ವಿಚಾರ ಮಾಡಬೇಕೆಂದು ನಮಗೆ ತೋರಿತು.

ಊರು ಬಿಟ್ಟು ಬಂದವನಿಗೂ ಸಾಲಕ್ಕೂ ಇರುವ ನಂಟು ಹಳೆಯದು. ನಂಬಿ ನಾಲ್ಕು ರೂಪಾಯಿ ಕೊಡುವ ನೆರೆಯವರಿಲ್ಲದ ಊರಿನಲ್ಲಿ ಹೊಟೇಲಿನ ಮಾಣಿಯೂ ಗುಮಾಸ್ತನೂ ಪಠಾಣನ ಬಡ್ಡಿಗೆ ಕೈಚಾಚಿದ ಕಾಲವೊಂದಿತ್ತು. ಆ ಕಷ್ಟವನ್ನು ಕಂಡವರೇ ಅದಕ್ಕೆ ಮದ್ದನ್ನೂ ಹುಡುಕಿದರು. ಕೆನರಾದಿಂದ ಬಂದು ಮುಂಬಯಿಯಲ್ಲಿ ನೆಲಸಿದ್ದ ಸಾರಸ್ವತ ಸಮಾಜದ ರಾವ್‌ಬಹಾದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು, ತಮ್ಮ ಗುರುಗಳಾದ ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದುದು 1906ರ ಡಿಸೆಂಬರಿನಲ್ಲಿ. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕಾದ ಸಂಸ್ಥೆಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕಾದ ಸಂಸ್ಥೆಯನ್ನೂ ತೆರೆದರು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಾದರೂ ಸರಿ, ಮನೆಬಾಗಿಲಿಗೆ ಬಂದು ಒಯ್ದಿತು.

ಪಿಗ್ಮಿಯ ಏಜಂಟನು ಬಾಗಿಲಿಗೆ ಬಂದುದು ನಮ್ಮ ಉಳಿತಾಯವನ್ನು ಕೂಡಿಡಲಿಕ್ಕೆ. ಮೂರು ತಲೆಮಾರು ಕಳೆದ ಮೇಲೆ ರೈಲು ನಿಲ್ದಾಣದ ಬಳಿಯಲ್ಲಿಯೂ ಕಚೇರಿಯ ಮೆಟ್ಟಿಲಿನಲ್ಲಿಯೂ ಕಾದುನಿಂತ ಕಾರ್ಡಿನ ಏಜಂಟನು ಬಂದುದು ನಮಗೆ ಸಾಲವನ್ನು ಕೊಟ್ಟುಹೋಗಲಿಕ್ಕೆ. ಬೇಡದವನ ಕೈಗೆ ಕಾರ್ಡು ತುರುಕುವ ಈ ಪದ್ಧತಿ ಇಲ್ಲಿ ಹುಟ್ಟಿದುದೂ ಅಲ್ಲ. 1958ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫ್ರೆಸ್ನೊ ಪಟ್ಟಣದಲ್ಲಿ ಬ್ಯಾಂಕ್ ಆಫ್ ಅಮೆರಿಕವು ಸುಮಾರು 60,000 ನಿವಾಸಿಗಳಿಗೆ, ಅವರು ಕೇಳದೆಯೇ, ಅಂಚೆಯಲ್ಲಿ ಕಾರ್ಡುಗಳನ್ನು ಕಳುಹಿಸಿತು. ಬ್ಯಾಂಕುಗಳ ಕಾರ್ಡು ವ್ಯಾಪಾರ ಬೆಳೆದುದೇ ಹೀಗೆ. ಎಂದರೆ ಉಪಯೋಗಿಸದ ಕಾರ್ಡೆಂಬುದು ಆ ವ್ಯಾಪಾರದ ಅವಳಿ ಶಿಶು. ಕೇಳದವರಿಗೆ ಕಾರ್ಡು ಕಳುಹಿಸಕೂಡದೆಂದು ಅಮೆರಿಕದಲ್ಲಿ ಕಾನೂನಾಗಲು 1970 ಬರಬೇಕಾಯಿತು.

ನಮ್ಮ ದೇಶದಲ್ಲಿ, ಸೊರಾಬ್ಜಿ ಪೋಚ್‌ಖಾನಾವಾಲಾ ಅವರು 1911ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ 'ಸೆಂಟ್ರಲ್‌ಕಾರ್ಡ್' ಎಂಬ ಕ್ರೆಡಿಟ್ ಕಾರ್ಡನ್ನು ಹೊರತಂದಿತು. ನಮ್ಮವರ ಪೈಕಿ ಅನೇಕರು ಮೊದಲು ಕಂಡುದು ಕೆನರಾ ಬ್ಯಾಂಕಿನ 'ಕ್ಯಾನ್‌ಕಾರ್ಡ'ನ್ನು ಇರಬಹುದು. ಆಗ ಕಾರ್ಡೆಂದರೆ ದೊಡ್ಡ ಸಾಹೇಬರ ಕೋಟಿನ ಜೇಬಿನ ವಸ್ತು. 2024ರ ಆರಂಭದಲ್ಲಿ ದೇಶದ ಕ್ರೆಡಿಟ್ ಕಾರ್ಡುಗಳ ಸಂಖ್ಯೆ ಹತ್ತು ಕೋಟಿಯನ್ನು ದಾಟಿತೆಂದರೆ ಆ ಜೇಬು ಎಷ್ಟು ಅಗಲವಾಯಿತೆಂಬುದನ್ನು ಊಹಿಸಬಹುದು.

ಇರಲಿ. ಮುಖ್ಯ ಪ್ರಶ್ನೆಗೆ ಬರೋಣ. ಕಪಾಟಿನಲ್ಲಿ ಮಲಗಿರುವ ಕಾರ್ಡು ಸತ್ತಿದೆಯೆಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು. ಕಾರ್ಡೆಂಬುದು ಪ್ಲಾಸ್ಟಿಕ್ಕಿನ ತುಂಡಲ್ಲವೇ, ಕತ್ತರಿಯಿಂದ ಎರಡು ಮಾಡಿದರೆ ತೀರಿತು ಎನ್ನುವವರೂ ಉಂಟು. ಕತ್ತರಿಸಿದರೂ ಬ್ಯಾಂಕಿನ ಪುಸ್ತಕದಲ್ಲಿ ಒಂದು ಸಾಲದ ಖಾತೆ ನಮ್ಮ ಹೆಸರಿನಲ್ಲಿ ತೆರೆದೇ ಇರುತ್ತದೆ. ಮೊದಲನೆಯ ವರ್ಷ ಶುಲ್ಕವಿಲ್ಲ ಎಂದು ಕೊಟ್ಟ ಕಾರ್ಡಿಗೆ ಎರಡನೆಯ ವರ್ಷದಿಂದ ಶುಲ್ಕ ಬೀಳುವುದುಂಟು. ಐನೂರು ರೂಪಾಯಿ ವಾರ್ಷಿಕ ಶುಲ್ಕವಾದರೆ ಶೇಕಡಾ 18ರ ಜಿ.ಎಸ್.ಟಿ. ಸೇರಿ 590 ರೂಪಾಯಿ. ನಾವು ಒಂದು ಕಾಸನ್ನೂ ಖರ್ಚುಮಾಡದಿದ್ದರೂ ಆ 590 ರೂಪಾಯಿ ನಮ್ಮ ಸಾಲವಾಗಿ ಖಾತೆಗೆ ಏರುತ್ತದೆ. ಗಡುವು ಮೀರಿದರೆ ವಿಳಂಬ ಶುಲ್ಕ, ಅದರ ಮೇಲೆ ಮತ್ತೆ ತೆರಿಗೆ.

"ಒಂದು ವರ್ಷ ಉಪಯೋಗಿಸದಿದ್ದರೆ ಬ್ಯಾಂಕಿನವರೇ ಮುಚ್ಚುತ್ತಾರಂತಲ್ಲ?" ಎಂದು ಬಲ್ಲವರು ಕೇಳಬಹುದು. ಹೌದು, ರಿಸರ್ವ್ ಬ್ಯಾಂಕು 2022ರ ಏಪ್ರಿಲಿನಲ್ಲಿ ಹೊರಡಿಸಿ ಅದೇ ಜುಲೈ 1ರಿಂದ ಜಾರಿಗೆ ತಂದ ನಿರ್ದೇಶನದಲ್ಲಿ ಅಂತಹ ವಿಧಿಯೊಂದಿದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಪಯೋಗಿಸದ ಕಾರ್ಡಿನ ವಿಷಯದಲ್ಲಿ ಬ್ಯಾಂಕು ಗ್ರಾಹಕನಿಗೆ ತಿಳಿಸಬೇಕು. ಮೂವತ್ತು ದಿನಗಳೊಳಗೆ ಅವನು ಉತ್ತರ ಕೊಡದಿದ್ದರೆ ಖಾತೆಯನ್ನು ಮುಚ್ಚಬೇಕು. ಆದರೆ ಅದೇ ವಾಕ್ಯದಲ್ಲಿ ಒಂದು ಷರತ್ತೂ ಇದೆ: ಬಾಕಿಯೆಲ್ಲ ತೀರಿರಬೇಕು. ಶುಲ್ಕವಿಲ್ಲದ ಕಾರ್ಡಿಗೆ ಇದರಿಂದ ತೊಂದರೆಯಿಲ್ಲ, ಅದು ಸದ್ದಿಲ್ಲದೆ ಮುಚ್ಚಿಹೋದೀತು. ವಾರ್ಷಿಕ ಶುಲ್ಕದ ಕಾರ್ಡಿನ ಗತಿ ಬೇರೆ. ಶುಲ್ಕ ಬಿದ್ದೊಡನೆ ಅದು ಬಾಕಿಯ ಖಾತೆ. ಬಾಕಿಯ ಖಾತೆ ತಾನಾಗಿ ಮುಚ್ಚದು. ಮರೆತವನಿಗೆ ಸಹಾಯವಾಗಲೆಂದು ಮಾಡಿದ ವಿಧಿ, ಯಾರಿಗೆ ಅದರ ಅಗತ್ಯ ಹೆಚ್ಚೋ ಅವರಿಗೇ ದಕ್ಕದೆ ಹೋಗುವುದು ಹೀಗೆ.

ಈ ತೊಡಕು ನಮ್ಮ ಜನರಿಗೆ ಇತರರಿಗಿಂತ ಹೆಚ್ಚಾಗಿ ತಟ್ಟುವುದಕ್ಕೆ ಕಾರಣವಿದೆ. ಫೋರ್ಟಿನ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ದುಡಿದ ಒಬ್ಬರು ನಿವೃತ್ತರಾಗಿ ಕಾರ್ಕಳಕ್ಕೋ ಕುಂದಾಪುರಕ್ಕೋ ಮರಳಿದರೆಂದು ಇಟ್ಟುಕೊಳ್ಳೋಣ. ಡೊಂಬಿವಿಲಿಯ ಮನೆಯನ್ನು ಮಾರಿದರು, ಅಥವಾ ಬಾಡಿಗೆಗೆ ಕೊಟ್ಟರು. ಭವಿಷ್ಯನಿಧಿ, ಪಿಂಚಣಿ, ರೇಶನ್ ಕಾರ್ಡು, ಗ್ಯಾಸಿನ ಸಂಪರ್ಕ ಎಲ್ಲವನ್ನೂ ನೆನಪಿಟ್ಟು ವರ್ಗಾಯಿಸಿಕೊಂಡರು. ಊರಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವೆಂದು ಮುಂಬಯಿಯ ಮೊಬೈಲ್ ಸಂಖ್ಯೆಯನ್ನು ಬಿಟ್ಟು ಹೊಸದನ್ನು ತೆಗೆದುಕೊಂಡರು. ಕಪಾಟಿನ ಮೂಲೆಯ ಕಾರ್ಡಿನ ನೆನಪು ಮಾತ್ರ ಬರಲಿಲ್ಲ. ಬಿಲ್ಲು ಹಳೆಯ ವಿಳಾಸಕ್ಕೆ ಹೋಗುತ್ತದೆ, ಸಂದೇಶ ಹಳೆಯ ಸಂಖ್ಯೆಗೆ ಹೋಗುತ್ತದೆ, ಮಿಂಚಂಚೆ ಹೋಗುವುದು ಬಿಟ್ಟುಬಂದ ಕಚೇರಿಯ ವಿಳಾಸಕ್ಕೆ. ಇವರಾದರೋ ತೋಟಕ್ಕೆ ನೀರು ಬಿಡುತ್ತ ನೆಮ್ಮದಿಯಾಗಿದ್ದಾರೆ.

ಎರಡು ಮೂರು ವರ್ಷ ಕಳೆಯುತ್ತದೆ. ಮಗ ಮೀರಾರೋಡಿನಲ್ಲಿ ಒಂದು ಫ್ಲಾಟು ನೋಡುತ್ತಾನೆ. ತನ್ನೊಬ್ಬನ ಸಂಬಳಕ್ಕೆ ಬೇಕಾದಷ್ಟು ಸಾಲ ಹುಟ್ಟುವುದಿಲ್ಲವೆಂದು ಪಿಂಚಣಿಯುಳ್ಳ ತಂದೆಯನ್ನು ಸಹ ಅರ್ಜಿದಾರರನ್ನಾಗಿ ಸೇರಿಸುತ್ತಾನೆ. ಆಗ ಬ್ಯಾಂಕಿನವರು ತಂದೆಯ ಸಾಲದ ಚರಿತ್ರೆಯನ್ನು ತೆಗೆದು ನೋಡಿದರೆ, ಜನ್ಮದಲ್ಲಿ ಒಬ್ಬರಿಗೂ ಒಂದು ರೂಪಾಯಿ ಬಾಕಿ ಇಡದ ಆ ಮನುಷ್ಯರ ಹೆಸರಿನ ಮುಂದೆ ಸುಸ್ತಿದಾರ ಎಂಬ ಗುರುತು. ಮೂಲಧನ 590 ರೂಪಾಯಿಯ ಶುಲ್ಕ!

ಆ ಗುರುತು ಬೀಳಲು ತಿಂಗಳುಗಟ್ಟಲೆ ಕಾಯಬೇಕಾದುದೂ ಇಲ್ಲ. ಗಡುವು ಮೀರಿ ಮೂರು ದಿನಗಳಿಗಿಂತ ಹೆಚ್ಚಾದರೆ ಖಾತೆಯನ್ನು ಬಾಕಿಯುಳ್ಳದ್ದೆಂದು ವರದಿ ಮಾಡಲು ಬ್ಯಾಂಕಿಗೆ ಅವಕಾಶವಿದೆ. ಪಾವತಿಯಾಗದ ಶುಲ್ಕ, ತೆರಿಗೆಗಳನ್ನು ಅಸಲಿಗೆ ಸೇರಿಸಿ ಚಕ್ರಬಡ್ಡಿ ಹಾಕಕೂಡದೆಂದು 2022ರ ನಿರ್ದೇಶನ ತಡೆಯೊಡ್ಡಿದುದು ಒಂದು ಸಮಾಧಾನ. ಆದರೂ ವಿಳಂಬ ಶುಲ್ಕ ತಿಂಗಳು ತಿಂಗಳು ಬೀಳಬಹುದಷ್ಟೆ.

ಬಿಟ್ಟುಕೊಟ್ಟ ಮೊಬೈಲ್ ಸಂಖ್ಯೆಯದು ಇನ್ನೊಂದು ಅಪಾಯ. ರದ್ದಾದ ಸಂಖ್ಯೆಯನ್ನು ತೊಂಬತ್ತು ದಿನಗಳ ತರುವಾಯ ಬೇರೊಬ್ಬ ಗ್ರಾಹಕನಿಗೆ ಕೊಡಬಹುದು. ಅಂದರೆ ನಮ್ಮ ಕಾರ್ಡಿನ ಒ.ಟಿ.ಪಿ. ಪರಿಚಯವೇ ಇಲ್ಲದ ಯಾರದೋ ಕೈಗೆ ಹೋದೀತು. ಆ ಮನುಷ್ಯ ಸಜ್ಜನನೇ ಇರಬಹುದು; ಅದನ್ನು ಪರೀಕ್ಷಿಸುವ ಹೊಣೆ ನಮಗೇಕೆ? ಇದರ ಜೊತೆಗೆ ಬ್ಯಾಂಕುಗಳೇ ಹೆಸರು ಬದಲಿಸಿಕೊಂಡ ಗೊಂದಲವನ್ನೂ ಸೇರಿಸಿರಿ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಸಿಟಿಬ್ಯಾಂಕಿನ ಕಾರ್ಡು ವ್ಯವಹಾರ 2023ರ ಮಾರ್ಚ್ 1ರಂದು ಆಕ್ಸಿಸ್ ಬ್ಯಾಂಕಿನ ಪಾಲಾಯಿತು. ಬ್ಯಾಂಕೇ ಇಲ್ಲವಾದ ಮೇಲೆ ಕಾರ್ಡೆಲ್ಲಿ ಬಂತು ಎಂದು ಕೆಲವರು ಅಂದುಕೊಳ್ಳುವುದುಂಟು. ಬ್ಯಾಂಕು ಲೀನವಾದಾಗ ಅದಕ್ಕೆ ಬರತಕ್ಕ ಬಾಕಿಗಳೂ ಹೊಸ ಯಜಮಾನನಿಗೆ ಸೇರುತ್ತವೆ.

ಬಡ್ಡಿಯ ಮಾತನ್ನು ಎತ್ತಿದ್ದೇವೆ; ಅದನ್ನು ಅರ್ಧಕ್ಕೆ ಬಿಡುವುದು ಸರಿಯಲ್ಲ. ಅನೇಕ ಕಾರ್ಡುಗಳಲ್ಲಿ ತೀರದೆ ಉಳಿದ ಖರ್ಚಿನ ಮೇಲಣ ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆಯ ಆಸುಪಾಸಿನಲ್ಲಿದೆ. ಎಂದರೆ ವರ್ಷಕ್ಕೆ ಶೇಕಡಾ 42. ವರ್ಷಕ್ಕೆ 30ಕ್ಕಿಂತ ಹೆಚ್ಚು ಬಡ್ಡಿ ವಸೂಲು ಮಾಡುವುದು ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ಕೊಟ್ಟಿತ್ತು. ಬ್ಯಾಂಕುಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವು. 2024ರ ಡಿಸೆಂಬರ್ 20ರಂದು ಆ ತೀರ್ಪು ರದ್ದಾಯಿತು. ಬಡ್ಡಿಯ ದರದ ವಿಚಾರ ರಿಸರ್ವ್ ಬ್ಯಾಂಕಿನ ಅಧಿಕಾರಕ್ಕೆ ಸೇರಿದ್ದೆಂಬುದು ನ್ಯಾಯಾಲಯದ ಅಭಿಪ್ರಾಯ. ಪಠಾಣನು ಕೋಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದನು, ಇವರು ಸಂದೇಶ ಕಳುಹಿಸುತ್ತಾರೆ ಎಂಬಷ್ಟೇ ಅಂತರವೆಂದು ಕುಹಕಿಗಳು ನುಡಿದರೆ ನಾವು ಅವರನ್ನು ಪೂರ್ತಿಯಾಗಿ ಅಲ್ಲಗಳೆಯಲಾರೆವು.

ಇನ್ನು ಸಿಬಿಲ್ ಬೀಳುವುದೆಂಬ ಭಯ. ಈ ಭಯಕ್ಕೆ ಬುಡವೇ ಇಲ್ಲವೆಂದು ನಾವು ಹೇಳುವುದಿಲ್ಲ. 2000ದಲ್ಲಿ ಸ್ಥಾಪಿತವಾದ ಸಿಬಿಲ್ ಸಂಸ್ಥೆಯೂ ಅದರಂತಹ ಇನ್ನು ಮೂರು ಸಂಸ್ಥೆಗಳೂ, ಎಂದರೆ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್‌ಗಳು, ನಮ್ಮ ಸಾಲಗಳ ಲೆಕ್ಕವನ್ನು ಬ್ಯಾಂಕುಗಳಿಂದ ಪಡೆದು 300ರಿಂದ 900ರ ನಡುವೆ ಒಂದು ಅಂಕವನ್ನು ಕೊಡುತ್ತವೆ. ಆ ಅಂಕವನ್ನು ಕಟ್ಟುವಲ್ಲಿ ಹೆಚ್ಚು ತೂಕವುಳ್ಳದ್ದು ಗಡುವಿನೊಳಗೆ ಪಾವತಿ ಮಾಡಿದ್ದೇವೆಯೇ ಎಂಬುದು. ಅದರ ಹಿಂದೆ ಬರುವ ಒಂದು ಸಂಗತಿ, ನಮಗಿರುವ ಒಟ್ಟು ಸಾಲಮಿತಿಯಲ್ಲಿ ಎಷ್ಟನ್ನು ಬಳಸುತ್ತಿದ್ದೇವೆ ಎಂಬ ಪ್ರಮಾಣ. ಕಾರ್ಡು ಮುಚ್ಚಿದಾಗ ಏಟು ಬೀಳುವುದು ಇಲ್ಲಿ.

ಲೆಕ್ಕ ಹಾಕಿ ನೋಡೋಣ. ಒಬ್ಬರ ಬಳಿ ಮೂರು ಕಾರ್ಡುಗಳಿವೆ. ಸಾಲಮಿತಿ ಕ್ರಮವಾಗಿ 50 ಸಾವಿರ, 1 ಲಕ್ಷ, 1 ಲಕ್ಷ 50 ಸಾವಿರ. ಒಟ್ಟು 3 ಲಕ್ಷ. ತಿಂಗಳಿಗೆ 60 ಸಾವಿರ ರೂಪಾಯಿಯ ಖರ್ಚು ಕಾರ್ಡಿನ ಮೇಲೆ ಹೋಗುತ್ತದೆ. ಅದು ಮಿತಿಯ ಶೇಕಡಾ 20. ಈಗ ಉಪಯೋಗಿಸದೆ ಬಿದ್ದಿರುವ ಒಂದೂವರೆ ಲಕ್ಷದ ಕಾರ್ಡನ್ನು ಮುಚ್ಚಿಸಿದರು. ಖರ್ಚು ಒಂದು ರೂಪಾಯಿಯೂ ಏರಲಿಲ್ಲ, ಆದರೆ ಪ್ರಮಾಣ 40ಕ್ಕೆ ಏರಿತು. ಶೇಕಡಾ 30ರೊಳಗೆ ಇರಲಿ ಎಂಬುದು ಸಾಮಾನ್ಯವಾದ ಸಲಹೆಯಾದುದರಿಂದ ಅಂಕ ಕೊಂಚ ಇಳಿದೀತು. ಅದೇ ಮನುಷ್ಯ ತಿಂಗಳಿಗೆ ಹತ್ತು ಸಾವಿರ ಮಾತ್ರ ಖರ್ಚುಮಾಡುವವರಾದರೆ ಮುಚ್ಚಿಸುವ ಮೊದಲು ಶೇಕಡಾ 3ರ ಹತ್ತಿರ, ಮುಚ್ಚಿಸಿದ ಮೇಲೆ 7ರ ಹತ್ತಿರ. ಯಾವ ವ್ಯತ್ಯಾಸವೂ ಕಾಣದು. ನಮ್ಮಲ್ಲಿ ಹೆದರುವವರಲ್ಲಿ ಬಹುಮಂದಿ ಈ ಎರಡನೆಯ ವರ್ಗದವರೇ ಇರಬೇಕೆಂದು ನಮ್ಮ ಊಹೆ. ಮೊದಲನೆಯ ವರ್ಗದವರಿಗೂ ಉಪಾಯವಿದೆ: ಉಳಿಸಿಕೊಳ್ಳುವ ಕಾರ್ಡಿನ ಮಿತಿಯನ್ನು ಮೊದಲು ಏರಿಸಿಕೊಳ್ಳಬಹುದು, ಅಥವಾ ಬಿಲ್ಲು ಹೊರಡುವ ದಿನಕ್ಕೆ ಮುಂಚೆಯೇ ಒಂದಿಷ್ಟು ಹಣವನ್ನು ತುಂಬಬಹುದು.

ಖಾತೆಯ ವಯಸ್ಸಿಗೂ ಬೆಲೆಯುಂಟು. ಹತ್ತು ಹದಿನೈದು ವರ್ಷ ಶಿಸ್ತಿನಿಂದ ನಡೆದ ಖಾತೆ ಒಳ್ಳೆಯ ಸಾಕ್ಷಿ. ಅದನ್ನು ಮುಚ್ಚಿದೊಡನೆ ಸಾಕ್ಷಿ ಮಾಯವಾಗುವುದೆಂಬುದು ಮಾತ್ರ ಸುಳ್ಳು. ಸಾಲದ ಮಾಹಿತಿಯನ್ನು ಈ ಸಂಸ್ಥೆಗಳು ಕನಿಷ್ಠ ಏಳು ವರ್ಷ ಕಾಪಾಡಬೇಕೆಂಬ ನಿಯಮವಿರುವುದರಿಂದ ಮುಚ್ಚಿದ ಖಾತೆಯ ಸದ್ವರ್ತನೆಯೂ ಬಹುಕಾಲ ದಾಖಲೆಯಲ್ಲಿ ಇರುತ್ತದೆ. ಮುಚ್ಚದೆ ಮರೆತ ಖಾತೆಯ ದುರ್ವರ್ತನೆಯೂ ಅಷ್ಟೇ ಕಾಲ ಇರುತ್ತದೆ ಎಂಬುದನ್ನು ಹೆದರಿಸುವವರು ಹೇಳುವುದಿಲ್ಲ.

ಅಂಕದ ಏರಿಳಿತಕ್ಕೆ ನಿಜವಾದ ಬೆಲೆ ಬರುವುದು ದೊಡ್ಡ ಸಾಲವನ್ನು ಕೇಳಹೊರಟಾಗ. ಗೃಹಸಾಲದ ಬಡ್ಡಿಯನ್ನು ಅಂಕಕ್ಕೆ ತಕ್ಕಂತೆ ನಿಗದಿ ಮಾಡುವ ಬ್ಯಾಂಕುಗಳು ಹಲವು ಇವೆ. ಇಪ್ಪತ್ತು ವರ್ಷದ 40 ಲಕ್ಷ ರೂಪಾಯಿ ಸಾಲಕ್ಕೆ ಶೇಕಡಾ ಎಂಟೂವರೆಯಾದರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಒಂಬತ್ತಾದರೆ ಸುಮಾರು 36,000. ಅರ್ಧ ಶೇಕಡಾ ಎಂಬ ಅಲ್ಪ ಅಂತರ ಸಾಲ ತೀರುವ ಹೊತ್ತಿಗೆ ಮೂರು ಲಕ್ಷಕ್ಕೂ ಮಿಗಿಲಾಗುತ್ತದೆ. ಆದುದರಿಂದ ಮುಂದಿನ ಆರು ತಿಂಗಳೋ ವರ್ಷವೋ ಆಗುವುದರೊಳಗೆ ಮನೆ ಕೊಳ್ಳಲಿರುವವರು ಹಳೆಯದಾದ ಅಥವಾ ದೊಡ್ಡ ಮಿತಿಯ ಕಾರ್ಡನ್ನು ಆ ಕೆಲಸ ಮುಗಿಯುವವರೆಗೆ ಮುಟ್ಟದಿರುವುದು ಲೇಸು. ಶುಲ್ಕವಿದ್ದರೆ ಒಂದು ವರ್ಷ ತೆತ್ತಾದರೂ ಇರಲಿ. ಮನೆ ಕೊಳ್ಳುವ ಮಾತೇ ಇಲ್ಲದವರು, ಕೊಂಡು ಸಾಲ ತೀರಿಸಿದವರು, ನಿವೃತ್ತರು ಇವರಿಗೆಲ್ಲ ಅಂಕದಲ್ಲಿ ಹತ್ತಿಪ್ಪತ್ತು ಇಳಿದರೆ ಆಗುವ ನಷ್ಟವೇನು? ಅಂಕವನ್ನು ಬ್ಯಾಂಕಿನಲ್ಲಿ ಇಟ್ಟರೆ ಬಡ್ಡಿ ಹುಟ್ಟುವುದಿಲ್ಲ.

ಉಪಯೋಗಿಸದಿದ್ದರೂ ಒಂದು ಕಾರ್ಡನ್ನು ಉಳಿಸಿಕೊಳ್ಳುವುದಕ್ಕೆ ನಮಗೆ ಒಪ್ಪಿಗೆಯಾಗುವ ಕಾರಣ ಬೇರೆಯೇ ಇದೆ. ಮುಂಬಯಿಯಲ್ಲಿ ಒಂಟಿಯಾಗಿ ಇರುವವರು, ಚಿಕ್ಕ ಸಂಸಾರದವರು ರಾತ್ರಿ ಹನ್ನೆರಡು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ, ಮುಂಗಡ ಕಟ್ಟಿ ಎಂಬ ಮಾತಿಗೆ ಉತ್ತರ ಕೊಡಲು ಬಂಧುಗಳು ಹತ್ತಿರವಿರುವುದಿಲ್ಲ. ಊರಿನಿಂದ ಹಣ ಬರುವವರೆಗೆ, ವಿಮೆಯವರು ಒಪ್ಪುವವರೆಗೆ ಕಾರ್ಡು ಕೈಹಿಡಿದೀತು. ಬಿಲ್ಲಿನ ಗಡುವಿನವರೆಗೆ, ಎಂದರೆ ಹೆಚ್ಚೆಂದರೆ ನಲವತ್ತೈದು ಐವತ್ತು ದಿನಗಳವರೆಗೆ ಬಡ್ಡಿಯೂ ಇರುವುದಿಲ್ಲ. ಹಿಂದಿನ ಬಾಕಿ ಇರಕೂಡದು ಅಷ್ಟೆ. ಇಂತಹ ಆಪತ್ಕಾಲಕ್ಕೆ ವಾರ್ಷಿಕ ಶುಲ್ಕವಿಲ್ಲದ ಒಂದು ಕಾರ್ಡು ಸಾಕು. ಆ ಒಂದನ್ನು ಬದುಕಿಸಿಡಬೇಕಾದರೆ ಎರಡು ಮೂರು ತಿಂಗಳಿಗೊಮ್ಮೆ ಮೊಬೈಲ್ ರೀಚಾರ್ಜ್‌ನಂತಹ ಸಣ್ಣ ಖರ್ಚನ್ನು ಅದರಿಂದ ಮಾಡಿ, ಉಳಿತಾಯ ಖಾತೆಯಿಂದ ಪೂರ್ತಿ ಬಿಲ್ಲು ತಾನಾಗಿ ತೀರುವಂತೆ ಏರ್ಪಾಡು ಮಾಡಿಕೊಂಡರಾಯಿತು. ರುಪೇ ಕ್ರೆಡಿಟ್ ಕಾರ್ಡಾದರೆ 2022ರಿಂದ ಅದನ್ನು ಯು.ಪಿ.ಐ.ಗೆ ಜೋಡಿಸುವ ಅನುಕೂಲವೂ ಇದೆ. ಬಳಸದ ಹೊತ್ತಿನಲ್ಲಿ ಆನ್‌ಲೈನ್ ಮತ್ತು ವಿದೇಶಿ ವ್ಯವಹಾರಗಳನ್ನು ಬಂದ್ ಮಾಡಿಡುವ ಸೌಕರ್ಯವನ್ನು ಬ್ಯಾಂಕುಗಳು ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲಿ ವಿಧಿಸಿತು; ಅದನ್ನು ಉಪಯೋಗಿಸಿಕೊಳ್ಳಬೇಕು.

ಶುಲ್ಕ ಬೀಳುವ ಕಾರ್ಡು ವರ್ಷದಲ್ಲಿ ಆ ಶುಲ್ಕದಷ್ಟೂ ಪ್ರಯೋಜನ ಕೊಡದಿದ್ದರೆ ಅದನ್ನು ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ಮುಚ್ಚಿಸುತ್ತೇನೆ ಎಂದೊಡನೆ ಶುಲ್ಕವನ್ನು ಮನ್ನಾ ಮಾಡುತ್ತೇವೆ ಎಂದು ಅತ್ತಲಿಂದ ಮೃದುವಾದ ಮಾತು ಬರುವುದುಂಟು. ಈ ಒಂದು ವರ್ಷಕ್ಕೋ, ಯಾವತ್ತಿಗೋ ಎಂದು ಕೇಳಿಕೊಳ್ಳಬೇಕು. ಒಂದು ವರ್ಷಕ್ಕಾದರೆ ಬರುವ ವರ್ಷ ಮತ್ತೆ ಇದೇ ಮಾತುಕತೆ. ಅಷ್ಟು ಪುರುಸೊತ್ತು ಇದ್ದವರು ಒಪ್ಪಿಕೊಳ್ಳಬಹುದು.

ಮುಚ್ಚಿಸುವ ಕ್ರಮ ಹಿಂದಿನಷ್ಟು ಕಷ್ಟದ್ದಲ್ಲ. ಮೊದಲು ಆ ಕಾರ್ಡಿನ ಮೇಲೆ ವಿದ್ಯುತ್ತಿನ ಬಿಲ್ಲು, ವಿಮೆಯ ಕಂತು ಮುಂತಾದವು ತಾನಾಗಿ ಕಡಿತವಾಗುತ್ತಿದ್ದರೆ ಅವನ್ನು ಬೇರೆಡೆಗೆ ಬದಲಾಯಿಸಬೇಕು. ಕಂತಿನ ಮೇಲೆ ಕೊಂಡ ವಸ್ತುವಿದ್ದರೆ ಉಳಿದ ಕಂತುಗಳನ್ನು ತೀರಿಸಬೇಕು. ಕೂಡಿರುವ ಬಹುಮಾನದ ಪಾಯಿಂಟುಗಳನ್ನು ಬಳಸಿಬಿಡಬೇಕು, ಮುಚ್ಚಿದ ಮೇಲೆ ಅವು ಸಿಕ್ಕುವ ಆಸೆ ಬೇಡ. ಮನೆಯವರ ಹೆಸರಿನಲ್ಲಿ ಪಡೆದ ಉಪಕಾರ್ಡುಗಳಿದ್ದರೆ ಮೂಲದ ಜೊತೆಗೆ ಅವೂ ಹೋಗುತ್ತವೆಂದು ಅವರಿಗೆ ತಿಳಿಸಿರಬೇಕು. ಬಳಿಕ ಬಾಕಿಯನ್ನೆಲ್ಲ ಪೈಸೆಯವರೆಗೆ ತೀರಿಸಿ, ಮುಚ್ಚಬೇಕೆಂಬ ಕೋರಿಕೆಯನ್ನು ಸಹಾಯವಾಣಿಯಲ್ಲಿಯೋ, ಮಿಂಚಂಚೆಯಲ್ಲಿಯೋ, ಬ್ಯಾಂಕಿನ ಜಾಲತಾಣ ಅಥವಾ ಆ್ಯಪ್‌ನಲ್ಲಿಯೋ ಸಲ್ಲಿಸಬಹುದು. ಅಂಚೆಯಲ್ಲಿಯೇ ಕಾಗದ ಕಳುಹಿಸಿ ಎಂದು ವಿಳಂಬಕ್ಕೆ ಎಡೆಯಾಗುವಂತೆ ಒತ್ತಾಯಿಸುವ ಹಕ್ಕು ಬ್ಯಾಂಕಿಗಿಲ್ಲ. ಬಾಕಿ ಇಲ್ಲದಿದ್ದಲ್ಲಿ ಏಳು ಕೆಲಸದ ದಿನಗಳೊಳಗೆ ಮುಚ್ಚತಕ್ಕದ್ದು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಗ್ರಾಹಕನಿಗೇ ದಂಡ ತೆರಬೇಕೆಂದು 2022ರ ನಿರ್ದೇಶನ ಹೇಳುತ್ತದೆ. ಈ ಒಂದು ವಾಕ್ಯವನ್ನು ತಿಳಿದು ಮಾತನಾಡುವ ಗ್ರಾಹಕನಿಗೂ ತಿಳಿಯದೆ ಗೋಗರೆಯುವ ಗ್ರಾಹಕನಿಗೂ ಸಿಕ್ಕುವ ಉತ್ತರದ ಧ್ವನಿಯೇ ಬೇರೆ. ಖಾತೆಯಲ್ಲಿ ನಮ್ಮ ಜಮೆ ಉಳಿದಿದ್ದರೆ ಅದು ನಮ್ಮ ಬ್ಯಾಂಕ್ ಖಾತೆಗೆ ಬರಬೇಕು.

ಕೋರಿಕೆಯ ಸಂಖ್ಯೆಯನ್ನೂ, ಬಾಕಿ ಇಲ್ಲವೆಂಬ ಪತ್ರವನ್ನೂ ಪಡೆದು ಇಟ್ಟುಕೊಳ್ಳುವುದು ಅವಶ್ಯ. ಹಳೆಯ ಶುಲ್ಕದ ತಗಾದೆ ಇದ್ದವರಿಗೆ ವಸೂಲಿಯವರು, "ಅರ್ಧ ಕೊಡಿ, ಸೆಟಲ್ ಮಾಡೋಣ" ಎಂದು ಆಮಿಷ ತೋರಿಸಿಯಾರು. ಎಚ್ಚರ ಬೇಕು. ಹಾಗೆ ಕೊಟ್ಟರೆ ದಾಖಲೆಯಲ್ಲಿ 'ಸೆಟಲ್ಡ್' ಎಂದು ಬರೆಯಲ್ಪಡುತ್ತದೆ. ಪೂರ್ತಿ ತೀರಿಸಲಾರದೆ ರಾಜಿ ಮಾಡಿಕೊಂಡವನೆಂಬ ಅರ್ಥ ಅದಕ್ಕೆ. ಮುಂದೆ ಸಾಲ ಕೊಡುವವರು ಅದನ್ನು ಕಂಡು ಹಿಂಜರಿಯುತ್ತಾರೆ. ಬೇಕಾದುದು 'ಕ್ಲೋಸ್ಡ್' ಎಂಬ ಮಾತು. ಶುಲ್ಕವೇ ಅನ್ಯಾಯದ್ದೆಂದು ತೋರಿದರೆ ಅರ್ಧ ಕೊಡುವ ಬದಲು ಲಿಖಿತವಾಗಿ ಆಕ್ಷೇಪಿಸಿ, ಪೂರ್ತಿ ಮನ್ನಾ ಮಾಡಿಸಿಕೊಂಡು ಮುಚ್ಚಿಸುವುದು ಮೇಲು.

ಮುಚ್ಚಿದ ಸುದ್ದಿಯನ್ನು ಬ್ಯಾಂಕು ಮೂವತ್ತು ದಿನಗಳೊಳಗೆ ಸಾಲಮಾಹಿತಿ ಸಂಸ್ಥೆಗಳಿಗೆ ತಿಳಿಸತಕ್ಕದ್ದು. ತಿಳಿಸಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಖರ್ಚಿಲ್ಲ. ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂಬ ವ್ಯವಸ್ಥೆ 2017ರಿಂದ ಇದೆ. ಮರೆತುಹೋದ ಕಾರ್ಡುಗಳನ್ನು ಪತ್ತೆಹಚ್ಚಲಿಕ್ಕೂ ಇದೇ ಸುಲಭವಾದ ದಾರಿ: ನಮ್ಮ ಹೆಸರಿನಲ್ಲಿ ತೆರೆದಿರುವ ಖಾತೆಗಳೆಲ್ಲ ಒಂದೇ ಕಡೆ ಕಾಣಸಿಗುತ್ತವೆ. ವರದಿಯಲ್ಲಿ ತಪ್ಪು ಕಂಡು ದೂರು ಕೊಟ್ಟು ಮೂವತ್ತು ದಿನಗಳಲ್ಲಿ ಪರಿಹಾರವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಗೆ ಬಂತು. ಬ್ಯಾಂಕು ಮೂವತ್ತು ದಿನಗಳಾದರೂ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು; ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಇನ್ನೊಂದು ಮಾತು ಉಳಿದಿದೆ, ಕೇಳಲು ಹಿತವಲ್ಲದ್ದು. ಕಾರ್ಡಿನವರು ತೀರಿಹೋದರೆ ಆ ಸಾಲ ಅವರು ಬಿಟ್ಟುಹೋದ ಆಸ್ತಿಯಿಂದ ತೀರಬೇಕಾದುದು. ತಮಗೆ ಬಂದ ಆಸ್ತಿಯ ಮೊತ್ತಕ್ಕೆ ಮೀರಿ ಮಕ್ಕಳು ಸ್ವಂತ ಕಿಸೆಯಿಂದ ಕೊಡಬೇಕಾದ ಹೊಣೆಯಿಲ್ಲ. ಇದು ತಿಳಿಯದ ಮನೆಯವರು ವಸೂಲಿಯ ಕರೆಗೆ ಬೆದರಿ, ವೈಕುಂಠ ಸಮಾರಾಧನೆ ಮುಗಿಯುವ ಮೊದಲೇ ಸಾಲ ಎತ್ತಿ ಕಟ್ಟುವುದುಂಟು. ಎಲ್.ಐ.ಸಿ. ಪಾಲಿಸಿ, ಠೇವಣಿ, ಊರಿನ ಜಮೀನಿನ ಕಾಗದಗಳ ವಿವರ ಬರೆದಿಡುವ ಪುಸ್ತಕ ಬಹಳ ಮನೆಗಳಲ್ಲಿ ಇದೆ. ಅದೇ ಪುಸ್ತಕದಲ್ಲಿ ಇನ್ನೊಂದು ಪುಟ ಮಾಡಿ, ಯಾವ ಬ್ಯಾಂಕಿನ ಕಾರ್ಡು, ಕೊನೆಯ ನಾಲ್ಕು ಅಂಕೆ ಯಾವುವು, ವಾರ್ಷಿಕ ಶುಲ್ಕ ಬೀಳುವ ತಿಂಗಳು ಯಾವುದು ಎಂದು ಬರೆದಿಡಬೇಕು. ಪಿನ್ನನ್ನು ಬರೆಯಕೂಡದು. ಮುಚ್ಚಿಸಿದ ಕಾರ್ಡಿನ ಸಾಲಿನ ಮೇಲೆ ಅಡ್ಡಗೆರೆ ಎಳೆದು, ಬಾಕಿ ಇಲ್ಲವೆಂಬ ಪತ್ರವನ್ನು ಅದೇ ಪುಟಕ್ಕೆ ಸಿಕ್ಕಿಸಿಡಬೇಕು. ಊರಿಗೆ ಹೊರಡುವ ನಿವೃತ್ತರು ಮುಂಬಯಿಯ ಮೊಬೈಲ್ ಸಂಖ್ಯೆಯನ್ನು ಬಿಟ್ಟುಕೊಡುವುದು ಆ ಪತ್ರ ಕೈಗೆ ಬಂದ ಮೇಲೆಯೇ ಆಗಲಿ. ಮುಚ್ಚುವ ಕೋರಿಕೆಯ ಒ.ಟಿ.ಪಿ. ಬರುವುದೂ ಅದೇ ಸಂಖ್ಯೆಗೆ.